ಹರುಕುಕಿವಿಯ ಮರಿ

ಕೊಟ್ರಪ್ಪನ ನಾಯಿಗಳು ಮೊಸರನ್ನ ತಿನ್ನುತ್ತಿದ್ದವು. ಸುಬ್ರಹ್ಮಣ್ಯಪುರದ ಆ ಬೀದಿಯಲ್ಲಿ ಈ ಸಂಗತಿ ಗೊತ್ತಿಲ್ಲದವರಿರಲಿಲ್ಲ, ಯಾಕೆಂದರೆ ಕೊಟ್ರಪ್ಪ ಅದನ್ನು ಯಾರಿಗೂ ಹೇಳದೆ ಬಿಟ್ಟವನಲ್ಲ. ಹರಪನಹಳ್ಳಿ ಕಡೆಯಿಂದ ಬಂದು ಬನಶಂಕರಿಯಲ್ಲಿ ಮಂಡಕ್ಕಿ, ಹುರಿಗಡಲೆ ವ್ಯಾಪಾರ ಮಾಡಿ, ಈಗ ಅಂಗಡಿಯನ್ನು ಮಗ ಕೈಲಾಸನಿಗೆ ಬಿಟ್ಟು ಮನೆಯಲ್ಲಿ ಕೂತ ಮನುಷ್ಯ. ಬೆಳಕು ಹರಿಯುವ ಮೊದಲೇ ಸ್ನಾನ, ಲಿಂಗಪೂಜೆ, ಹಣೆ ತುಂಬ ವಿಭೂತಿ. ಆಮೇಲೆ ಒಂದು ಬಕೆಟ್ ಮೊಸರನ್ನ ಕಲಸಿಕೊಂಡು ಬೀದಿಯ ಕೊನೆಯಲ್ಲಿ ಗುಡ್ಡದ ಕಾಂಪೌಂಡ್ ಗೋಡೆ ಒಡೆದಿದ್ದ ಜಾಗಕ್ಕೆ ಹೋಗುತ್ತಿದ್ದ. ಅಲ್ಲಿ ನಾಯಿಗಳು ಬಾಲ ಬಡಿಯುತ್ತ ಕಾದಿರುತ್ತಿದ್ದವು. ಒಂದೊಂದಕ್ಕೂ ಹೆಸರಿಟ್ಟಿದ್ದ. ಎಲ್ಲಕ್ಕಿಂತ ದೊಡ್ಡದಾದ, ಗೌಡತಿಯ ಹಾಗೆ ಮುಂದೆ ನಡೆಯುವ ಕೆಂಚು ನಾಯಿಯ ಹೆಸರು ಶಾಂತಿ.

“ನಮ್ಮ ಮನ್ಯಾಗ ಮೊಟ್ಟಿ ಸೈತ ಬರಂಗಿಲ್ರಿ. ನಾಯಿಗೂ ಅದ ಪದ್ಧತಿ,” ಎನ್ನುತ್ತಿದ್ದ ಕೊಟ್ರಪ್ಪ. “ಸಾತ್ವಿಕ ಅನ್ನ ಹಾಕಿದ್ರ ಪ್ರಾಣಿ ಗುಣಾನೂ ಸಾತ್ವಿಕ ಆಗ್ತೈತಿ.”

ಪಕ್ಕದ ಮನೆಯ ಗೌರಮ್ಮನಿಗೆ ಈ ಮಾತು ಕಿವಿಗೆ ಬಿದ್ದಾಗಲೆಲ್ಲ ಮೈಯೆಲ್ಲ ಉರಿಯುತ್ತಿತ್ತು. “ನಾಯಿ ಹಣೆಗೆ ವಿಭೂತಿ ಬಳಿದ್ರೆ ಅದು ಬಾಡು ಮರೀತದಾ?” ಎಂದು ಒಳಗೆ ಪಾತ್ರೆಗಳನ್ನು ಕುಕ್ಕುತ್ತಿದ್ದಳು. ಮೊಸರನ್ನ ತಿಂದು ಬಾಯಿ ನೆಕ್ಕಿಕೊಂಡ ಆ ನಾಯಿಗಳು ಆಮೇಲೆ ಎಲ್ಲಿಗೆ ಹೋಗುತ್ತವೆ, ಏನು ಮಾಡುತ್ತವೆ ಎಂಬುದನ್ನು ಬೀದಿಗೆಲ್ಲ ಆಕೆಯೊಬ್ಬಳೇ ಕಣ್ಣಾರೆ ಕಂಡಿದ್ದಳು.

ಗೌರಮ್ಮ ಈ ನೆಲದ ಹಳಬಳು. ಕೊಟ್ರಪ್ಪನ ಮನೆ ನಿಂತಿರುವುದೇ ಆಕೆಯ ಗಂಡನ ಮನೆಯವರ ರಾಗಿ ಹೊಲದ ಮೇಲೆ. ಹೊಲ ಸೈಟುಗಳಾಗಿ ಹೋದ ಮೇಲೆ, ಗಂಡ ಚಿಕ್ಕಬೈರಪ್ಪ ತೀರಿಕೊಂಡ ಮೇಲೆ, ಉಳಿದ ಜಾಗದಲ್ಲಿ ಮಗ ನಂದಕುಮಾರ್ ಮೂರು ಮಹಡಿ ಎಬ್ಬಿಸಿ ಮೇಲಿನ ಮನೆಗಳನ್ನು ಬಾಡಿಗೆಗೆ ಕೊಟ್ಟಿದ್ದ. ಹಿತ್ತಿಲಿಗೆ ಅಂಟಿದಂತೆ ಅರಣ್ಯ ಇಲಾಖೆಯ ಗೋಡೆ, ಅದರಾಚೆ ಗವಿಗುಡ್ಡ. ಆಕೆ ಮದುವೆಯಾಗಿ ಬಂದ ಕಾಲದಲ್ಲಿ ಆ ಗುಡ್ಡದ ಜಿಂಕೆಗಳು ಮನೆಗೆ ಪರಮಶತ್ರುಗಳು. ರಾಗಿ ತೆನೆ ಕಟ್ಟುವುದನ್ನೇ ಕಾದಿದ್ದು ಮಂದೆ ಮಂದೆಯಾಗಿ ಇಳಿಯುತ್ತಿದ್ದವು. ಹೊಸ ಸೊಸೆಯನ್ನು ಅಟ್ಟಣೆಯ ಮೇಲೆ ಕೂರಿಸಿಕೊಂಡು ಅತ್ತೆ ಸಿದ್ದಗಂಗಮ್ಮ ಕಾವಲಿನ ವಿದ್ಯೆ ಕಲಿಸಿದ್ದಳು: ಪಟಾಕಿಯನ್ನು ಬಯಲಲ್ಲಿ ಹಚ್ಚಬಾರದು, ಎಣ್ಣೆ ಟಿನ್ನನ್ನು ಬೋರಲು ಹಾಕಿ ಅದರಡಿಯಲ್ಲಿ ಹಚ್ಚಬೇಕು. ಆಗ ಒಂದು ಪಟಾಕಿ ಹತ್ತರ ಸದ್ದು ಮಾಡುತ್ತದೆ, ಗುಡ್ಡವೇ ತಿರುಗಿ ಬೈದ ಹಾಗೆ ಕೇಳುತ್ತದೆ. ಕೈಗೆ ಸಿಕ್ಕಿದರೆ ಸಾರು ಮಾಡುತ್ತೇನೆ ಎಂದು ಗೌರಮ್ಮ ಆ ಜಿಂಕೆಗಳಿಗೆ ಹಾಕಿದ ಶಾಪಕ್ಕೆ ಲೆಕ್ಕವಿರಲಿಲ್ಲ.

ಊರು ಹೋಯಿತು, ಹೊಲ ಹೋಯಿತು, ಗಂಡ ಹೋದ. ಹಳೆಯ ಕಾಲದವರು ಅಂತ ಉಳಿದದ್ದು ಈ ಹಳೆಯ ಶತ್ರುಗಳು ಮಾತ್ರ. ಒಂದು ಬೆಳಗ್ಗೆ ತಾರಸಿಯಲ್ಲಿ ಬಟ್ಟೆ ಒಣಹಾಕುವಾಗ ಗುಡ್ಡದ ಇಳಿಜಾರಿನಲ್ಲಿ ಅವು ಮೇಯುವುದನ್ನು ಕಂಡು ಗೌರಮ್ಮ ಒದ್ದೆ ಬಟ್ಟೆಯನ್ನು ಕೈಯಲ್ಲೇ ಹಿಡಿದು ನಿಂತುಬಿಟ್ಟಿದ್ದಳು. ಅಂದಿನಿಂದ ಬೆಳಗಿನ ಕಾಫಿ ತಾರಸಿಯಲ್ಲೇ. ಮೊಮ್ಮಗ ಮೋಹಿತ್ ಆಡಿ ಬಿಸಾಕಿದ್ದ ದುರ್ಬೀನು ಆಕೆಯ ಕುತ್ತಿಗೆಗೆ ಬಂತು. ಯಾವ ಹೆಣ್ಣು ಜಿಂಕೆ ಗಬ್ಬವಾಗಿದೆ, ಯಾವುದು ಮಂದೆ ಬಿಟ್ಟು ಒಂಟಿಯಾಗಿ ಹುಲ್ಲಿನೊಳಗೆ ಹೋಯಿತು, ಯಾವುದು ಹೊಟ್ಟೆ ಇಳಿದು ವಾಪಸು ಬಂತು ಎಲ್ಲ ಆಕೆಗೆ ಗೊತ್ತು. ಈದ ಜಿಂಕೆ ಮರಿಯನ್ನು ಜೊತೆಗೆ ಕರೆದುಕೊಂಡು ತಿರುಗುವುದಿಲ್ಲ, ಆಳೆತ್ತರದ ಬಾದೆ ಹುಲ್ಲಿನಲ್ಲಿ ಅಡಗಿಸಿಟ್ಟು ಬೆಳಗ್ಗೆ ಸಂಜೆ ಬಂದು ಹಾಲು ಕೊಟ್ಟು ಹೋಗುತ್ತದೆ. ಆದ್ದರಿಂದ ಮರಿ ಕಾಣದಿದ್ದರೂ ತಾಯಿಯ ಕೆಚ್ಚಲು ನೋಡಿ ಸಮಾಚಾರ ತಿಳಿಯಬಹುದು. ಕೆಚ್ಚಲು ಇಳಿದಿದ್ದರೆ ಮರಿ ಕುಡಿದಿದೆ, ಬದುಕಿದೆ. ಕೆಚ್ಚಲು ಬಿಗಿದು ತಾಯಿ ಕೂಗುತ್ತ ಅಲೆಯುತ್ತಿದ್ದರೆ ಮರಿ ಇಲ್ಲ.

ಈಚೆಗೆ ಆಕೆ ಕಾಣುತ್ತಿದ್ದದ್ದು ಬಿಗಿದ ಕೆಚ್ಚಲುಗಳನ್ನೇ. ಗುಡ್ಡದ ಆಚೆ ದೊಡ್ಡ ರಸ್ತೆ ಬಂದು ಬನ್ನೇರುಘಟ್ಟದ ಕಡೆಯ ದಾರಿ ಕಡಿದ ಮೇಲೆ ಹೊರಗಿನಿಂದ ಒಂದು ಜಿಂಕೆಯೂ ಬಂದಿರಲಿಲ್ಲ. ಒಂದು ಕಾಲಕ್ಕೆ ಇಳಿಜಾರು ತುಂಬುತ್ತಿದ್ದ ಮಂದೆಯನ್ನು ಎಣಿಸಲು ಈಗ ಎರಡು ಕೈಯ ಬೆರಳು ಸಾಕು. ಅದರಲ್ಲೂ ಎಳೆಯದೆನ್ನುವುದು ಒಂದೂ ಇಲ್ಲ, ಎಲ್ಲ ವಯಸ್ಸಾದವು. ಮೂರು ವರ್ಷದಿಂದ ಹುಟ್ಟಿದ ಮರಿಗಳಲ್ಲಿ ಒಂದೂ ತಾಯಿಯ ಎತ್ತರಕ್ಕೆ ಬಂದಿರಲಿಲ್ಲ. ಇನ್ನೆರಡು ವರ್ಷ ಹೀಗೇ ನಡೆದರೆ ಗುಡ್ಡದಲ್ಲಿ ಲಂಟಾನ ಪೊದೆ ಮಾತ್ರ ಉಳಿಯುತ್ತದೆ ಎಂದು ಗೌರಮ್ಮನಿಗೆ ಖಾತ್ರಿಯಾಗಿತ್ತು.

ಹಾಗಾಗಿ ಹಳೆಯ ಟಿನ್ನು ಮತ್ತೆ ಹೊರಬಂತು. ದೀಪಾವಳಿಯಲ್ಲಿ ಉಳಿದ ಲಕ್ಷ್ಮಿ ಪಟಾಕಿಗಳನ್ನು ಆಕೆ ತಾರಸಿಯ ಸೋಲಾರ್ ಹೀಟರಿನ ಕೆಳಗೆ ಡಬ್ಬದಲ್ಲಿಟ್ಟಳು. ನಾಯಿಗಳು ಗೋಡೆಯ ಸಂದಿನಲ್ಲಿ ನುಗ್ಗಿ ಹುಲ್ಲಿನ ಕಡೆ ತಿರುಗಿದವೋ, ಇತ್ತ ಊದುಬತ್ತಿಯಿಂದ ಬತ್ತಿಗೆ ಕಿಡಿ. ಢಂ ಎಂದ ಕೂಡಲೇ ಶಾಂತಿಯೂ ಅವಳ ಪರಿವಾರವೂ ಬಾಲ ಮುದುರಿಕೊಂಡು ಬಂದ ದಾರಿ ಹಿಡಿಯುತ್ತಿದ್ದವು. ಹಿಂದೆ ಜಿಂಕೆ ಓಡಿಸಲು ಹಚ್ಚಿದ ಬೆಂಕಿಯನ್ನೇ ಈಗ ಜಿಂಕೆ ಉಳಿಸಲು ಹಚ್ಚುತ್ತಿದ್ದೇನಲ್ಲ ಎಂದು ಆಕೆಗೆ ಒಮ್ಮೊಮ್ಮೆ ನಗು ಬರುತ್ತಿತ್ತು.

ಹೋದ ವರ್ಷ ಆ ನಗು ನಿಂತಿತು. ನೆಂಟರ ಮದುವೆಗೆಂದು ಎರಡು ದಿನ ಪದ್ಮನಾಭನಗರಕ್ಕೆ ಹೋಗಿ ಬಂದ ಗೌರಮ್ಮ ಬೀದಿಯ ತುದಿಯಲ್ಲಿ ಆಟೋ ಇಳಿದಾಗ, ಶಾಂತಿ ಎದುರಿಗೇ ಬರುತ್ತಿದ್ದಳು. ಬಾಯಲ್ಲಿ ಚುಕ್ಕೆ ಚುಕ್ಕೆಯ ಸಣ್ಣ ಕಾಲು. ಗೌರಮ್ಮ ಕೊಟ್ರಪ್ಪನ ಗೇಟು ಹಿಡಿದು ಅಲುಗಾಡಿಸಿದಳು.

“ಬಂದು ನೋಡ್ರಿ ನಿಮ್ಮ ಸಾತ್ವಿಕ ನಾಯಿ ಏನ್ ಕಚ್ಕೊಂಡು ಬಂದೈತೆ ಅಂತ.”

ಕೊಟ್ರಪ್ಪ ಹೊರಗೆ ಬರುವಷ್ಟರಲ್ಲಿ ಶಾಂತಿ ಮೋರಿಯ ಕಡೆಗೆ ಮಾಯವಾಗಿದ್ದಳು. ಆತ ನಕ್ಕ. “ಎಲ್ಲೋ ಕುರಿ ಅಂಗಡಿದು ಬಿದ್ದಿದ್ದು ಸಿಕ್ಕಿರಬೇಕು ಬಿಡ್ರಿ. ಬೇಟೆ ಆಡೋ ನಾಯಿ ಅಲ್ರಿ ಅವು. ಮೊಸರನ್ನ ತಿನ್ನೋವು.”

ಅಷ್ಟಕ್ಕೇ ಮುಗಿದಿದ್ದರೆ ಗೌರಮ್ಮ ಬೈದು ಸುಮ್ಮನಾಗುತ್ತಿದ್ದಳೋ ಏನೋ. ಮರುವಾರ ಆತ ಲೇಔಟಿನ ವಾಟ್ಸಾಪ್ ಗ್ರೂಪಿನಲ್ಲಿ ಬರೆದ: ಹಿರಿಯರೊಬ್ಬರು ಮೂಕಪ್ರಾಣಿಗಳ ಮೇಲೆ ಪಟಾಕಿ ಎಸೆಯುತ್ತಿದ್ದಾರೆ, ಇದು ಯಾವ ಧರ್ಮ? ಜನ ಕೈಮುಗಿದ ಚಿತ್ರ ಹಾಕಿದರು, ಅಳುವ ಮುಖ ಹಾಕಿದರು. ಯಾರೋ ಪೊಲೀಸಿಗೆ ಫೋನು ಮಾಡಿದರು. ಬೀಟ್ ಕಾನ್‌ಸ್ಟೇಬಲ್ ರವಿಕುಮಾರ್ ಮನೆ ಬಾಗಿಲಿಗೆ ಬಂದು, ಬೂಟು ಬಿಚ್ಚದೆ ಹೊಸಿಲಲ್ಲೇ ನಿಂತು, “ಅಮ್ಮಾ, ಇನ್ನೊಂದ್ ಸಲ ಕಂಪ್ಲೇಂಟ್ ಬಂದ್ರೆ ಕೇಸ್ ಹಾಕ್ಬೇಕಾಗ್ತದೆ,” ಎಂದು ಮೆಲ್ಲಗೇ ಹೇಳಿದ. ಬಾಡಿಗೆಯವರೆಲ್ಲ ಮೆಟ್ಟಿಲ ಮೇಲೆ ನಿಂತು ನೋಡಿದರು. ನಂದಕುಮಾರ್ ಪೊಲೀಸಿನವನಿಗೆ ಕೈಮುಗಿದ. ಆಮೇಲೆ ಕೊಟ್ರಪ್ಪನ ಮನೆಗೂ ಹೋಗಿ ಕೈಮುಗಿದು ಬಂದ. ಆ ಮನೆತನದ ಬಾಗಿಲಿಗೆ ಪೊಲೀಸು ಬಂದದ್ದು ಅದೇ ಮೊದಲು.

“ಅಮ್ಮ, ನಿಂಗ್ಯಾಕೆ ಊರ ಉಸಾಬರಿ? ಜಿಂಕೆ ನೋಡ್ಕೊಳಕ್ಕೆ ಫಾರೆಸ್ಟ್‌ನೋರು ಇಲ್ವಾ?” ಎಂದ ನಂದಕುಮಾರ್.

ಗೌರಮ್ಮ ಎದ್ದಳು. ದೇವರ ಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಮನೆದೇವರು ಬೈರವನ ಪಟದ ಮುಂದೆ ಕೂತಳು. ಹರಕೆ ಕಟ್ಟುವವರಂತೆ ಒಂದು ಮಾತು ಹೇಳಿಕೊಂಡಳು: ಯಾವ ಬಾಯಿ ನನ್ನ ಪಟಾಕಿಗೆ ಪೊಲೀಸು ಕರೆಸಿತೋ, ಅದೇ ಬಾಯಿ ‘ಹಚ್ಚು ತಾಯಿ’ ಅಂತ ನನ್ನ ಮುಂದೆ ಬೇಡಬೇಕು. ಅಲ್ಲಿಯ ತನಕ ಈ ಹೊಟ್ಟೆ ತಣ್ಣಗಾಗುವುದಿಲ್ಲ.

ಅಂದಿನಿಂದ ಆಕೆ ತಗಡು ಬಡಿದು ಕಾವಲು ಕಾದಳು. ನಾಯಿಗಳು ಕೆಲವೇ ದಿನದಲ್ಲಿ ತಗಡಿಗೆ ಒಗ್ಗಿಕೊಂಡವು. ಅವು ಹೆದರುತ್ತಿದ್ದದ್ದು ಟಿನ್ನಿನೊಳಗಿನ ಪಟಾಕಿಗೆ ಮಾತ್ರ. ಆ ವರ್ಷದ ಉಳಿದ ಮರಿಗಳೂ ಹೋದವು.

ಈ ಸಲ ಚಳಿ ಬಿದ್ದಾಗ ಮಂದೆಯಲ್ಲಿ ಗಬ್ಬವಾಗಿದ್ದದ್ದು ಒಂದೇ ಒಂದು. ಎಂದೋ ಮುಳ್ಳುತಂತಿಗೆ ಸಿಕ್ಕಿ ಎಡಗಿವಿ ಸೀಳಿಹೋಗಿದ್ದ ಅದನ್ನು ಗೌರಮ್ಮ ಹರುಕುಕಿವಿ ಎನ್ನುತ್ತಿದ್ದಳು. ಮನೆಯ ಹೆಣ್ಣುಮಗಳನ್ನು ಕರೆದ ಹಾಗೆಯೇ. ಸಂಕ್ರಾಂತಿಗೆ ಕೆಲವು ದಿನ ಮುಂಚೆ ಹರುಕುಕಿವಿ ಹುಲ್ಲಿನೊಳಗೆ ಹೋಗಿ ಹೊಟ್ಟೆ ಇಳಿದು ಬಂದಳು. ಮರುದಿನ ಕೆಚ್ಚಲು ಇಳಿದಿತ್ತು. ಅದರ ಮರುದಿನವೂ ಇಳಿದಿತ್ತು. ಗೌರಮ್ಮ ಮೇಲಿನ ಮನೆಯ ಬಾಡಿಗೆಯ ಹುಡುಗಿ ರಮ್ಯಳನ್ನು ಕರೆದು ಸಕ್ಕರೆ ಕೊಟ್ಟಳು. ಬೆಳಗಿನ ಬಸ್ಸಿಗೆ ಓಡುತ್ತಿದ್ದ ರಮ್ಯ, “ಏನ್ ಆಂಟಿ ವಿಶೇಷ?” ಎಂದರೆ, “ನಮ್ಮನೇಲಿ ಹೆರಿಗೆ ಆಯ್ತು ಕಣವ್ವ,” ಎಂದಳು.

ಬರುವ ಹುಣ್ಣಿಮೆಯ ಹೊತ್ತಿಗೆ ಮರಿ ತಾಯಿಗೆ ಸಮನಾಗಿ ಓಡಲು ಕಲಿಯುತ್ತದೆ. ಅಲ್ಲಿಯವರೆಗೆ ಅದನ್ನು ದಾಟಿಸಿದರೆ ಮೂರು ವರ್ಷದಲ್ಲಿ ಬದುಕಿದ ಮೊದಲ ಮರಿ ಅದೇ. ಗೌರಮ್ಮ ಕಣ್ಣಲ್ಲಿ ಕಣ್ಣಿಟ್ಟು ಕಾದಳು. ಕಾನ್‌ಸ್ಟೇಬಲನ ಮಾತನ್ನೂ ಲೆಕ್ಕಿಸದೆ ಎರಡು ಬೆಳಗ್ಗೆ ಪಟಾಕಿ ಹಚ್ಚಿಯೇಬಿಟ್ಟಳು. ಹಬ್ಬದ ಹೊತ್ತು, ಯಾರೂ ಕೇಳಲಿಲ್ಲ.

ಕಾವಲು ಕಾಯುತ್ತಿದ್ದ ಆ ತಲೆಯೊಳಗೇ ಇನ್ನೊಂದು ಯೋಚನೆಯೂ ಕಾದು ಕೂತಿತ್ತು. ಮರಿ ಈಗ ಹುಲ್ಲಿನಿಂದ ಎದ್ದು ತಾಯಿಯ ಹಿಂದೆ ನಾಲ್ಕು ಹೆಜ್ಜೆ ಇಡಲು ಶುರುಮಾಡಿತ್ತು. ಬೆಳಗ್ಗೆ ಮೊಸರನ್ನ ಮುಗಿಸಿದ ನಾಯಿಗಳು ಬರುವುದೂ ಅದೇ ಹೊತ್ತಿಗೆ. ಕೊಟ್ರಪ್ಪನನ್ನು ತಾರಸಿಗೆ ಕರೆತಂದು ಆತನ ಕಣ್ಣಿಗೇ ತೋರಿಸಬೇಕು. ತನ್ನ ಶಾಂತಿ ಹೊಟ್ಟೆ ನೆಲಕ್ಕೆ ಹಚ್ಚಿ ಮರಿಯ ಕಡೆ ಸರಿಯುವುದನ್ನು ಕಂಡಾಗ ಆ ವಿಭೂತಿಯ ಹಣೆ ಬೆವರಬೇಕು. ‘ಹಚ್ಚಿ ಗೌರಮ್ಮನವ್ರೆ’ ಎಂದು ಬಾಯಿಬಿಟ್ಟು ಕೇಳಬೇಕು. ಕೇಳಿದ ಕೂಡಲೇ ಹಚ್ಚುವುದು, ನಾಯಿ ಓಡುವುದು, ಮರಿ ಉಳಿಯುವುದು. ಎಷ್ಟು ಸಲ ಮಾಡಿಲ್ಲ ಈ ಕೆಲಸ? ಗಳಿಗೆ ಗಳಿಗೆಯೂ ಕೈಗೆ ಗೊತ್ತು ಎಂದುಕೊಂಡಳು.

ಸಂಕ್ರಾಂತಿಯ ಸಂಜೆ ಗೌರಮ್ಮ ರೇಷ್ಮೆ ಸೀರೆ ಉಟ್ಟು, ತಟ್ಟೆಯಲ್ಲಿ ಎಳ್ಳುಬೆಲ್ಲ, ಸಕ್ಕರೆ ಅಚ್ಚು, ಕಬ್ಬಿನ ತುಂಡು ಇಟ್ಟುಕೊಂಡು ಕೊಟ್ರಪ್ಪನ ಮನೆ ಬಾಗಿಲು ತಟ್ಟಿದಳು. ಒಂದು ವರ್ಷದಿಂದ ಆ ಹೊಸಿಲು ತುಳಿದಿರಲಿಲ್ಲ. ಕೊಟ್ರಪ್ಪನ ಹೆಂಡತಿ ಮೀನಾಕ್ಷಮ್ಮ ಒಂದು ಕ್ಷಣ ತಬ್ಬಿಬ್ಬಾಗಿ, ಆಮೇಲೆ ಕೈಹಿಡಿದು ಒಳಗೆ ಕರೆದಳು.

“ಎಳ್ಳುಬೆಲ್ಲ ತಗೊಂಡು ಒಳ್ಳೇ ಮಾತಾಡೋಣ ಕೊಟ್ರಪ್ಪನೋರೆ,” ಎಂದಳು ಗೌರಮ್ಮ. “ಅಕ್ಕಪಕ್ಕದವರು ಎಷ್ಟು ದಿನ ಮುಖ ತಿರುಗಿಸ್ಕೊಂಡು ಇರಾದು? ನಾಳೆ ಬೆಳಗ್ಗೆ ನಾಯಿಗೆ ಅನ್ನ ಹಾಕಿ ನಮ್ಮ ತಾರಸಿಗೆ ಬನ್ನಿ. ಜಿಂಕೆ ಮರಿ ಹಾಲು ಕುಡಿಯಾದು ತೋರಿಸ್ತೀನಿ. ಹಬ್ಬದಲ್ಲಿ ನೋಡಿದ್ರೆ ಪುಣ್ಯ.”

ಕೊಟ್ರಪ್ಪನ ಕಣ್ಣಲ್ಲಿ ನೀರು ಬಂತು. “ನೀವು ದೊಡ್ಡೋರ್ರಿ. ನಾನೇ ಬಂದು ಮಾತಾಡ್ಸಬೇಕಿತ್ತು. ಬರ್ತೀನ್ರಿ, ಖಂಡಿತ ಬರ್ತೀನಿ,” ಎಂದು ಎಳ್ಳನ್ನು ಎರಡೂ ಕೈಯಲ್ಲಿ ತೆಗೆದುಕೊಂಡ. ಆತನ ಒದ್ದೆ ಕಣ್ಣು ನೋಡಿ ಗೌರಮ್ಮನಿಗೆ ಕರುಣೆ ಬರಬೇಕಿತ್ತು, ಬರಲಿಲ್ಲ. ಅಳು ಅಳು, ಇದೇನು ಮಹಾ, ನಾಳೆ ಇದೆ ನಿನಗೆ ಎಂದು ಒಳಗೇ ಹಲ್ಲು ಕಡಿದಳು.

ಮರುದಿನ ಬೆಳಗ್ಗೆ ಇಬ್ಬನಿ ಇನ್ನೂ ಆರಿರಲಿಲ್ಲ. ಗೌರಮ್ಮ ಟಿನ್ನನ್ನು ಕಟ್ಟೆಯ ಮೇಲೆ ಬೋರಲು ಹಾಕಿ, ಅದರಡಿ ಪಟಾಕಿ ಇಟ್ಟು, ಬತ್ತಿಯನ್ನು ಅಂಚಿನಿಂದ ಹೊರಗೆ ಎಳೆದು, ಊದುಬತ್ತಿ ಹಚ್ಚಿ ಕೈಯಲ್ಲಿ ಹಿಡಿದಳು. ಕೊಟ್ರಪ್ಪ ಹಣೆಯಲ್ಲಿ ವಿಭೂತಿ, ಕೈಯಲ್ಲಿ ಇನ್ನೂ ಮೊಸರಿನ ವಾಸನೆಯೊಂದಿಗೆ ಬಂದ. ಊದುಬತ್ತಿ ನೋಡಿ, “ಪೂಜಿ ಆತೇನ್ರಿ?” ಎಂದ.

“ಆಗ್ಬೇಕು,” ಎಂದಳು ಗೌರಮ್ಮ. ದುರ್ಬೀನು ಆತನ ಕೈಗೆ ಕೊಟ್ಟಳು.

ಹರುಕುಕಿವಿ ಇಳಿಜಾರಿನಲ್ಲಿ ನಿಂತಿದ್ದಳು. ಹುಲ್ಲು ಅಲುಗಾಡಿತು. ಮೊದಲು ಎರಡು ಕಿವಿ, ಆಮೇಲೆ ಕಡ್ಡಿಯಂಥ ಕಾಲುಗಳ ಮೇಲೆ ಚುಕ್ಕೆಯ ಮೈ. ಮರಿ ತಾಯಿಯ ಹೊಟ್ಟೆಯಡಿ ಮೂತಿ ತೂರಿಸಿ ಕೆಚ್ಚಲಿಗೆ ಗುದ್ದಿ ಗುದ್ದಿ ಕುಡಿಯಿತು. ಗೌರಮ್ಮನಿಗೆ ದುರ್ಬೀನು ಬೇಕಿರಲಿಲ್ಲ, ಆ ಗುದ್ದು ಅವಳ ಎದೆಗೇ ಗೊತ್ತಾಗುತ್ತಿತ್ತು.

“ಅಯ್ಯ ಶಿವನ,” ಎಂದ ಕೊಟ್ರಪ್ಪ. “ಬಾಲ ನೋಡ್ರಿ ಹೆಂಗ ಆಡಸ್ತೈತಿ. ಮೊಮ್ಮಗಳು ಜ್ಯೋತ್ಸ್ನಾಗ ತೋರಸ್ಬೇಕ್ರಿ ಇದನ್ನ. ಇಷ್ಟು ವರ್ಷ ಗೋಡಿ ಹತ್ರ ನಿಂತೀನಿ, ಒಮ್ಮಿನೂ ಕಂಡಿಲ್ಲ.”

ಅಷ್ಟರಲ್ಲಿ ಗೋಡೆಯ ಸಂದಿನಲ್ಲಿ ಕೆಂಚು ಬಣ್ಣ ಕಂಡಿತು. ಶಾಂತಿ ಮುಂದೆ, ಹಿಂದೆ ಉಳಿದವು. ಬೀದಿಯಲ್ಲಿ ಬೊಗಳುವ ನಾಯಿಗಳಲ್ಲ ಈಗ ಅವು. ಒಂದೂ ಸದ್ದು ಮಾಡಲಿಲ್ಲ. ಎರಡು ಎಡಕ್ಕೆ ಹೋದವು, ಎರಡು ಬಲಕ್ಕೆ.

“ನೋಡಿ ಕೊಟ್ರಪ್ಪನೋರೆ, ನಿಮ್ಮೋರು ಬಂದ್ರು.”

ಆತ ದುರ್ಬೀನು ಆ ಕಡೆ ತಿರುಗಿಸಿದ. “ಹೌದ್ರಿ, ಶಾಂತಿ. ಆಟ ಆಡಾಕ ಹೊಂಟಾವ. ಹೊಟ್ಟಿ ತುಂಬ ಉಂಡಾವ್ರಿ, ಏನೂ ಮಾಡಂಗಿಲ್ಲ.”

ಗೌರಮ್ಮನ ಕೈ ಬತ್ತಿಯ ಹತ್ತಿರ ಹೋಗಿತ್ತು. ಕಿಡಿಗೂ ಬತ್ತಿಗೂ ಒಂದು ಗೇಣು ಅಂತರ. ಹಚ್ಚುವ ಗಳಿಗೆ ಇದೇ ಎಂದು ಕೈಗೆ ಗೊತ್ತಿತ್ತು. ಆದರೆ ‘ಏನೂ ಮಾಡಂಗಿಲ್ಲ’ ಎಂಬ ಆ ಮಾತು ಬೆಂಕಿಗೆ ತುಪ್ಪ ಸುರಿದಂತಾಯಿತು. ಈಗ ಹಚ್ಚಿದರೆ ನಾಯಿ ಓಡುತ್ತದೆ, ಈತ ಕೆಳಗಿಳಿದು ಹೋಗಿ ಪಾಪ ನನ್ನ ನಾಯಿಗಳು ಆಟ ಆಡುತ್ತಿದ್ದವು ಎಂದು ಮತ್ತೆ ಗ್ರೂಪಿನಲ್ಲಿ ಬರೆಯುತ್ತಾನೆ. ಇಲ್ಲ. ನೋಡಲಿ. ಇನ್ನೊಂದಿಷ್ಟು ನೋಡಲಿ.

ಹರುಕುಕಿವಿ ತಲೆ ಎತ್ತಿದಳು. ಮುಂಗಾಲು ನೆಲಕ್ಕೆ ಬಡಿದಳು. ಒಂದು ಕೂಗು ಗುಡ್ಡವನ್ನೆಲ್ಲ ಸೀಳಿತು. ಮರಿ ಹೆದರಿ ಓಡಬೇಕಾದದ್ದು ಹುಲ್ಲಿನೊಳಗೆ. ಅದು ಓಡಿದ್ದು ಬಲಕ್ಕೆ, ಬಯಲಿಗೆ.

ಗೌರಮ್ಮ ಆಗ ಗುಡ್ಡವನ್ನು ನೋಡುತ್ತಿರಲಿಲ್ಲ. ಆಕೆ ನೋಡುತ್ತಿದ್ದದ್ದು ಕೊಟ್ರಪ್ಪನ ಮುಖವನ್ನು. ಆ ಮುಖದ ಮೇಲಿನ ನಗು ಮೊದಲು ಗಟ್ಟಿಯಾಯಿತು, ಆಮೇಲೆ ಕುಸಿಯಿತು. ಬಾಯಿ ತೆರೆಯಿತು. ಆಹಾ, ಎಂಥ ಸುಖ. ಒಂದು ವರ್ಷ ಎದೆಯಲ್ಲಿ ಕೂತಿದ್ದ ಕೆಂಡದ ಮೇಲೆ ತಣ್ಣೀರು ಹೊಯ್ದ ಹಾಗೆ. ಕೇಳು, ಈಗ ಕೇಳು. ಹಚ್ಚು ತಾಯಿ ಅನ್ನು. ಆ ಮಾತು ನಿನ್ನ ಬಾಯಿಂದ ಬರಲಿ.

ಆತನ ಬಾಯಿ ತೆರೆದೇ ಇತ್ತು, ಮಾತು ಬರಲಿಲ್ಲ. ಗೌರಮ್ಮ ಕಾದಳು. ಊದುಬತ್ತಿಯ ಬೂದಿ ಬಾಗಿ ಕಟ್ಟೆಯ ಮೇಲೆ ಬಿತ್ತು.

ಮರಿ ಕೂಗಿದ್ದು ಒಂದೇ ಸಲ. ಕೂಸು ಅತ್ತ ಹಾಗೆ.

ಆಗ ಗೌರಮ್ಮ ತಿರುಗಿದಳು. ಕೈ ತಾನಾಗಿಯೇ ಬತ್ತಿಗೆ ಕಿಡಿ ಮುಟ್ಟಿಸಿತು. ಟಿನ್ನು ಹಾರಿತು, ಗುಡ್ಡ ಗುಡುಗಿತು, ನಾಯಿಗಳು ಚೆಲ್ಲಾಪಿಲ್ಲಿಯಾಗಿ ಓಡಿದವು. ಶಾಂತಿ ಓಡುವಾಗಲೂ ಬಾಯಲ್ಲಿದ್ದುದನ್ನು ಬಿಡಲಿಲ್ಲ. ಇಳಿಜಾರಿನಲ್ಲಿ ಹರುಕುಕಿವಿ ಒಬ್ಬಳೇ ನಿಂತಿದ್ದಳು.

ಕೊಟ್ರಪ್ಪ ದುರ್ಬೀನನ್ನು ಮೆಲ್ಲಗೆ ಕಟ್ಟೆಯ ಮೇಲಿಟ್ಟ. ಸುಟ್ಟ ಟಿನ್ನನ್ನು ನೋಡಿದ. ಗೌರಮ್ಮನ ಕೈಯಲ್ಲಿ ಅರ್ಧ ಉರಿದ ಊದುಬತ್ತಿಯನ್ನು ನೋಡಿದ. ಗೋಡೆ ಹಿಡಿದುಕೊಂಡು ಮೆಟ್ಟಿಲು ಇಳಿದ.

ಮಧ್ಯಾಹ್ನದ ಹೊತ್ತಿಗೆ ಗ್ರೂಪಿನಲ್ಲಿ ಆತನ ಬರಹ ಬಂತು. ನನ್ನ ನಾಯಿಗಳು ಜಿಂಕೆಮರಿಯನ್ನು ಕೊಂದದ್ದನ್ನು ಕಣ್ಣಾರೆ ಕಂಡೆ. ಗೌರಮ್ಮನವರು ವರ್ಷದಿಂದ ಹೇಳುತ್ತಿದ್ದದ್ದು ನಿಜ. ತಪ್ಪು ನನ್ನದು, ಅವರ ಕ್ಷಮೆ ಕೇಳುತ್ತೇನೆ. ಮರುದಿನ ನಾಯಿಗಳನ್ನು ಹಿಡಿಯುವವರ ವ್ಯಾನು ಬಂತು. ಕೊಟ್ರಪ್ಪ ತಾನೇ ಒಂದೊಂದನ್ನು ಹೆಸರು ಹಿಡಿದು ಕರೆದು, ಮೊಸರನ್ನ ತೋರಿಸಿ ವ್ಯಾನಿಗೆ ಹತ್ತಿಸಿದ. ಫಾರೆಸ್ಟ್ ವಾಚರ್ ಲಕ್ಕಪ್ಪ ಗೋಡೆಯ ಸಂದಿಗೆ ತಂತಿ ಬಿಗಿದ.

ಗೌರಮ್ಮನ ಮನೆಗೆ ಜನ ಬಂದರು. ಹೋದ ವರ್ಷ ಅಳುವ ಮುಖ ಹಾಕಿದವರೇ ಈಗ ಕೈಹಿಡಿದು ಹೊಗಳಿದರು. ನಂದಕುಮಾರ್, “ಅಮ್ಮ, ಕೊನೆಗೂ ಗೆದ್ದೆ ನೋಡು. ನಾನೇ ನಿನ್ನ ನಂಬ್ಲಿಲ್ಲ,” ಎಂದು ಅರ್ಧ ಕೆಜಿ ಮೈಸೂರು ಪಾಕು ತಂದ. ರಮ್ಯ ಬಸ್ಸು ಬಿಟ್ಟು ಬಂದು ಕಾಲಿಗೆ ನಮಸ್ಕಾರ ಮಾಡಿದಳು. “ಆಂಟಿ, ನೀವು ಒಬ್ರೇ ಎಷ್ಟು ಕಷ್ಟಪಟ್ರಿ. ಆವತ್ತೂ ಪಟಾಕಿ ಹಚ್ಚಿದ್ರಂತೆ, ಪಾಪ ಸ್ವಲ್ಪ ಲೇಟಾಯ್ತಂತೆ.”

ಗೌರಮ್ಮ ಮೈಸೂರು ಪಾಕನ್ನು ಮುಟ್ಟಲಿಲ್ಲ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ ಎಂದು ಅತ್ತೆ ಹೇಳುತ್ತಿದ್ದಳು. ಇಲ್ಲಿ ಮೂಗು ಹೋದದ್ದು ಯಾರಿಗೂ ಕಾಣುತ್ತಲೇ ಇಲ್ಲ, ಎಲ್ಲರೂ ಬಂದು ಮುಖ ಚೆನ್ನಾಗಿದೆ ಎನ್ನುತ್ತಿದ್ದಾರೆ. ನಿಜ ಗೊತ್ತಿದ್ದವನು ಒಬ್ಬನೇ, ಆತ ಬಾಯಿ ಬಿಡುತ್ತಿರಲಿಲ್ಲ. ಇವತ್ತು ಹೇಳಬಹುದು, ನಾಳೆ ಹೇಳಬಹುದು ಎಂದು ಕಾದಳು. ಹೇಳಿದರೆ ಜಗಳವಾದರೂ ಆಡಬಹುದಿತ್ತು.

ಮೂರನೆಯ ದಿನ ಸಂಜೆ ತಾನೇ ಹೋದಳು. ಕೊಟ್ರಪ್ಪ ಜಗುಲಿಯ ಮೇಲೆ ಕೂತಿದ್ದ. ತೊಳೆದು ಬೋರಲು ಹಾಕಿದ ಬಕೆಟ್ ಪಕ್ಕದಲ್ಲಿತ್ತು. ಮೀನಾಕ್ಷಮ್ಮ ಕಾಫಿ ತರಲು ಒಳಗೆ ಹೋದಳು.

“ನಿಮಗೆ ಗೊತ್ತೈತೆ,” ಎಂದಳು ಗೌರಮ್ಮ.

“ಗೊತ್ತೈತ್ರಿ. ಊದಿನಕಡ್ಡಿ ನಾ ಬರೋಕಿಂತ ಮೊದಲ ಹಚ್ಚಿತ್ತು. ನಾ ಕೇಳಲಿ ಅಂತ ನೀವು ಕಾದ್ರಿ. ನನಗ ಬಾಯೇ ಬರಲಿಲ್ಲ.”

“ಮತ್ತೆ ಎಲ್ಲರಿಗೂ ಹೇಳಿ. ಗೌರಮ್ಮ ಕೈಯಲ್ಲಿ ಬೆಂಕಿ ಇಟ್ಕೊಂಡು ಸುಮ್ನೆ ನಿಂತಿದ್ಲು ಅಂತ ಹೇಳಿ. ಗ್ರೂಪಲ್ಲಿ ಹಾಕಿ. ಪೊಲೀಸ್‌ನೋನ್ನ ಕರೆಸಿ.”

ಕೊಟ್ರಪ್ಪ ಬಕೆಟ್ಟಿನ ತಳವನ್ನು ನೋಡಿದ. ಆಮೇಲೆ ತಲೆ ಎತ್ತಿದ. ಗೌರಮ್ಮ ಒಂದು ವರ್ಷದಿಂದ ತನ್ನ ಕನ್ನಡಿಯಲ್ಲಿ ಕಂಡ ಕಣ್ಣುಗಳೇ ಈಗ ಆ ಮುಖದಲ್ಲಿದ್ದವು.

“ಇಲ್ರಿ. ಹೇಳಿದ್ರ ನಾಕು ಮಂದಿ ಬೈತಾರ, ನಾಕು ಮಂದಿ ಪಾಪ ಅಂತಾರ, ನಿಮಗ ಹಗುರಾಗ್ತೈತಿ. ನಂದು ನಾ ಹೇಳಿಕೊಂಡೆ, ನನಗ ಹಗುರಾತು. ನಿಮ್ಮದನ್ನ ನಾ ಸಾಯೋತನಕ ಹೇಳಂಗಿಲ್ಲ.” ಒಳಗಿನಿಂದ ಕಾಫಿಯ ಲೋಟದ ಸದ್ದು ಬಂತು. ಆತ ದನಿ ತಗ್ಗಿಸಿದ. “ಎಳ್ಳು ತಂದು ಕೊಟ್ರಿ, ಒಳ್ಳೆ ಮಾತಾಡೋಣ ಅಂದ್ರಿ. ಯಾರರ ಕೇಳಿದ್ರ ನಿಮ್ಮ ಬಗ್ಗೆ ಒಳ್ಳೇದ ಮಾತಾಡ್ತೀನ್ರಿ ನಾನು.”

ಗೌರಮ್ಮ ಕಾಫಿಗೆ ನಿಲ್ಲದೆ ಎದ್ದು ಬಂದಳು. ಮನೆಯೊಳಗೆ ಹೋಗದೆ ಸೀದಾ ತಾರಸಿಗೆ ಹತ್ತಿದಳು. ಹೊತ್ತು ಮುಳುಗುತ್ತಿತ್ತು. ಮಂದೆ ಆಗಲೇ ಗುಡ್ಡದ ಆಚೆ ಮಗ್ಗುಲಿಗೆ ಸರಿದಿತ್ತು. ಹರುಕುಕಿವಿ ಒಬ್ಬಳು ಹಿಂದೆ ಉಳಿದಿದ್ದಳು. ಮರಿಯನ್ನು ಅಡಗಿಸಿ ಕೂರಿಸುತ್ತಿದ್ದ ಹುಲ್ಲಿನ ಹತ್ತಿರ ಬಂದು ಮೂಸಿದಳು, ಸುತ್ತಿದಳು, ಮೆಲ್ಲಗೆ ಕೂಗಿದಳು. ಹಾಲು ಕೊಡುವ ಹೊತ್ತಿನಲ್ಲಿ ಕರೆಯುವ ಕೂಗು ಅದು. ಮೂರು ವರ್ಷದಲ್ಲಿ ಈ ಕೂಗು ಕೇಳಿದಾಗಲೆಲ್ಲ ಗೌರಮ್ಮ ತಾರಸಿಯ ಮೇಲಿಂದ ಕೊಟ್ರಪ್ಪನ ಮನೆಯ ಕಡೆ ಕೈನೆಟಿಗೆ ಮುರಿದು ಶಾಪ ಹಾಕುತ್ತಿದ್ದಳು. ಇವತ್ತೂ ಅಭ್ಯಾಸಬಲದಿಂದ ಕೈ ಮೇಲೆದ್ದಿತು, ಆದರೆ ಯಾವ ಕಡೆಗೆ ತಿರುಗಬೇಕೆಂದು ಅದಕ್ಕೆ ಗೊತ್ತಾಗಲಿಲ್ಲ.

ಆಕೆ ದುರ್ಬೀನು ಎತ್ತಿ ಕೆಚ್ಚಲನ್ನು ನೋಡಿದಳು. ಅದು ಬಿಗಿದು ತುಂಬಿತ್ತು, ಹಾಲು ತಾನಾಗಿಯೇ ತೊಟ್ಟಿಕ್ಕುತ್ತಿತ್ತು. ಕೆಳಗಿನಿಂದ ರಮ್ಯ ಕೂಗಿ ಕೇಳಿದಳು, “ಆಂಟಿ, ಇವತ್ತು ಜಿಂಕೆ ಬಂದಿದ್ವಾ?”

ಗೌರಮ್ಮ ಬಾಯಿ ತೆರೆದಳು. ಮಾತು ಬರಲಿಲ್ಲ.